‘ಓಕೆ’ ಎಂಬ ಮಾತಿನ ತವರು ಯಾವುದು?

ಕಚೇರಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೋದರೂ ನಮ್ಮ ಕಿವಿಗೆ ಬೀಳುವ ಮಾತು ‘ಓಕೆ’. ಇಂಗ್ಲಿಷ್ ಬಾರದವರೂ ಇದನ್ನು ಬಲ್ಲರು. ಈ ಪುಟ್ಟ ಮಾತು ಹುಟ್ಟಿದ್ದೆಲ್ಲಿ ಎಂಬ ವಿಷಯದಲ್ಲಿ ಮಾತ್ರ ಪಂಡಿತರೊಳಗೆ ಬಹುಕಾಲ ವಾದವಿವಾದಗಳು ನಡೆದವು.

ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ನುಡಿಯಲ್ಲಿ ‘ಅದು ಹೀಗೆಯೇ’ ಎಂಬ ಅರ್ಥದ ಮಾತೊಂದು ‘ಓಕೆ’ಯನ್ನು ಹೋಲುತ್ತದೆ, ಅದೇ ಮೂಲವೆಂದು ಕೆಲವರು ನಂಬಿದರು. ಅಧ್ಯಕ್ಷ ವುಡ್ರೋ ವಿಲ್ಸನ್ನರು ಕಾಗದಪತ್ರಗಳಿಗೆ ಒಪ್ಪಿಗೆ ನೀಡುವಾಗ ‘ಓಕೆಹ್’ ಎಂದೇ ಬರೆಯುತ್ತಿದ್ದರು. ಗುಲಾಮರಾಗಿ ಒಯ್ಯಲ್ಪಟ್ಟ ಪಶ್ಚಿಮ ಆಫ್ರಿಕದ ಜನರೊಡನೆ ವೋಲೋಫ್ ನುಡಿಯ ‘ವಾವ್ ಕಾಯ್’ ಕಡಲು ದಾಟಿ ಬಂದಿತೆಂದು ಮತ್ತೆ ಕೆಲವರ ವಾದ. ಟೆನೆಸಿಯ ೧೭೯೦ರ ನ್ಯಾಯಾಲಯದ ದಾಖಲೆಯೊಂದರಲ್ಲಿಯೇ ‘ಓ. ಕೆ.’ ಇದೆಯೆಂದು ಹೇಳಿದವರೂ ಉಂಟು. ಆದರೆ ಮೂಲಪತ್ರವನ್ನು ಪರೀಕ್ಷಿಸಿದಾಗ ಅದು ‘ಓ. ಆರ್.’, ಅಂದರೆ ‘ದಾಖಲಿಸಲು ಅಪ್ಪಣೆಯಾಗಿದೆ’ ಎಂಬುದರ ಸಂಕ್ಷೇಪವೆಂದು ತಿಳಿದುಬಂದಿತು!

ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿದವರು ಕೊಲಂಬಿಯ ವಿಶ್ವವಿದ್ಯಾನಿಲಯದ ಭಾಷಾವಿದ್ವಾಂಸ ಆಲನ್ ವಾಕರ್ ರೀಡ್. ಹಳೆಯ ಪತ್ರಿಕೆಗಳನ್ನು ಶೋಧಿಸಿ, ೧೯೬೩ ಮತ್ತು ೧೯೬೪ರಲ್ಲಿ ಅವರು ತಮ್ಮ ಲೇಖನಗಳನ್ನು ಪ್ರಕಟಿಸಿದರು. ೧೮೩೯ರ ಮಾರ್ಚ್ ೨೩ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ‘ಓ. ಕೆ.’ ಕಾಣಿಸಿಕೊಂಡಿದ್ದಿತು, ‘ಎಲ್ಲವೂ ಸರಿ’ ಎಂಬ ಅರ್ಥದ ‘ಆಲ್ ಕರೆಕ್ಟ್’ ಎಂಬ ವಿವರಣೆಯೂ ಅದರ ಪಕ್ಕದಲ್ಲಿಯೇ ಇದ್ದಿತು. ಈ ಪದಗಳ ಮೊದಲ ಅಕ್ಷರಗಳು ‘ಎ’ ಮತ್ತು ‘ಸಿ’ ಅಲ್ಲವೆ? ಹಾಗಾದರೆ ‘ಓ’ ಮತ್ತು ‘ಕೆ’ ಎಲ್ಲಿಂದ ಬಂದವು? ವಿನೋದ ಅಡಗಿರುವುದು ಇಲ್ಲಿಯೇ. ಬೇಕೆಂದೇ ತಪ್ಪಾಗಿ ಬರೆದು, ಆ ತಪ್ಪನ್ನು ಮತ್ತೆ ಸಂಕ್ಷೇಪಿಸುವುದು ಆಗ ಬಾಸ್ಟನ್ ಪತ್ರಕರ್ತರಿಗೆ ಒಂದು ಆಟವಾಗಿದ್ದಿತು. ‘ಆಲ್ ರೈಟ್’ ಎಂಬುದು ಅವರ ಕೈಯಲ್ಲಿ ‘ಓ. ಡಬ್ಲ್ಯೂ.’ ಆಗಿದ್ದಿತು!

ಇಂತಹ ಸಂಕ್ಷೇಪಗಳೆಲ್ಲ ಅಳಿದುಹೋದರೂ ‘ಓಕೆ’ ಉಳಿದುದಕ್ಕೆ ೧೮೪೦ರ ಚುನಾವಣೆ ಕಾರಣವಾಯಿತು. ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ನರ ಹುಟ್ಟೂರು ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅವರ ಅಡ್ಡಹೆಸರಿನ ಮೊದಲಕ್ಷರಗಳಿಂದ ಬೆಂಬಲಿಗರು ‘ಓ. ಕೆ. ಕ್ಲಬ್’ ಕಟ್ಟಿದರು, ವಿರೋಧಿಗಳು ಅದೇ ಅಕ್ಷರಗಳಿಂದ ಹಾಸ್ಯಮಾಡಿದರು. ವಾನ್ ಬ್ಯೂರೆನ್ ಸೋತರು, ಮಾತು ಗೆದ್ದಿತು. ಮುಂದೆ ತಂತಿ ಕಚೇರಿಗಳೂ ಇದನ್ನು ಬಳಸಿದವು.

ಧ್ವನಿಯ ಹೋಲಿಕೆಯೊಂದೇ ರಕ್ತಸಂಬಂಧಕ್ಕೆ ಸಾಕ್ಷಿಯಾಗದು. ತಾರೀಖುಳ್ಳ ಬರಹ ಬೇಕು ಎಂಬುದು ಇಲ್ಲಿಯ ಪಾಠ. ಆದರೆ ಇನ್ನೊಂದು ಮಾತನ್ನೂ ನಾವು ಮರೆಯಬಾರದು. ಗುಲಾಮರ ಸಂಭಾಷಣೆಯನ್ನು ಬರೆದಿಟ್ಟವರು ಅತಿ ವಿರಳ. ಬರಹವಿಲ್ಲದವರ ವಾದ ಸಿದ್ಧವಾಗಿಲ್ಲವೆನ್ನಬಹುದು. ಅದು ಸುಳ್ಳೆಂದು ಸಿದ್ಧವಾಯಿತೆನ್ನಲಾಗದು. ಇವೆರಡರ ಅಂತರವನ್ನು ಅರಿಯುವುದೇ ವಿಜ್ಞಾನದ ದೃಷ್ಟಿ.