ಚಳಿಯೂ ಆಡಿದ ಆಟ: ಟೂಟಿಂಗಿನ ಕೊಳ ಮತ್ತು ಮೈದಾನ

ಲಂಡನ್ನಿನ ಕ್ರೀಡೆ ಎಂದೊಡನೆ ನಿಮಗೆ ವಿಂಬಲ್ಡನ್ನಿನ ಟೆನಿಸ್ ನೆನಪಾಗಬಹುದು, ಲಾರ್ಡ್ಸ್ ಮೈದಾನ ನೆನಪಾಗಬಹುದು. ಟೂಟಿಂಗ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಥೇಮ್ಸ್ ನದಿಯ ದಕ್ಷಿಣಕ್ಕಿರುವ ಈ ಬಡಾವಣೆಯನ್ನು ನಮ್ಮ ಕಡೆಯವರು ಬಲ್ಲದ್ದು ಅಲ್ಲಿನ ದಕ್ಷಿಣ ಭಾರತದ ಹೋಟೆಲುಗಳಿಂದ. ಆದರೆ ಇಲ್ಲಿನ ಒಂದು ಈಜುಕೊಳಕ್ಕೂ ಈ ಊರಿನ ಹೆಸರು ಹೊತ್ತ ಒಂದು ಫುಟ್‌ಬಾಲ್ ತಂಡಕ್ಕೂ ಇರುವ ಕಥೆಗಳು ದೊಡ್ಡ ಮೈದಾನಗಳ ಕಥೆಗಳಿಗೆ ಏನೇನೂ ಕಡಿಮೆಯಲ್ಲ. ಆ ಕಥೆಗಳಲ್ಲಿ ಚಳಿಗೂ ಒಂದು ಪಾತ್ರವಿದೆ.

ಮೊದಲು ಕೊಳಕ್ಕೆ ಹೋಗೋಣ. ಟೂಟಿಂಗ್ ಬೆಕ್ ಲೈಡೋ ತೆರೆದದ್ದು 1906ರಲ್ಲಿ. ಅಂದಿನ ದಿನಗಳಲ್ಲಿ ಲಂಡನ್ನಿನಲ್ಲಿ ಕೆಲಸ ಸಿಗದೆ ಕುಳಿತವರು ಬಹಳ ಮಂದಿ ಇದ್ದರು. ಅವರಿಗೆ ಕೂಲಿಯೂ ಸಿಗಲಿ, ಊರಿಗೊಂದು ಈಜುಕೊಳವೂ ಆಗಲಿ ಎಂದು ಅವರ ಕೈಯಿಂದಲೇ ಈ ಹೊಂಡವನ್ನು ತೋಡಿಸಿದರು. ಅದರ ಉದ್ದ 100 ಗಜ, ಅಂದರೆ ಸುಮಾರು 91 ಮೀಟರ್. ಅಗಲ 33 ಗಜ. ಈಗಿನ ಒಲಿಂಪಿಕ್ ಕೊಳದ ಉದ್ದ 50 ಮೀಟರ್ ಮಾತ್ರ. ಟೂಟಿಂಗಿನ ಕೊಳ ಹಿಡಿಸುವ ನೀರು ಸುಮಾರು ಹತ್ತು ಲಕ್ಷ ಗ್ಯಾಲನ್. ಬ್ರಿಟನ್ನಿನಲ್ಲಿ ಬಯಲಿನಲ್ಲಿರುವ ಸಿಹಿನೀರಿನ ಈಜುಕೊಳಗಳ ಪೈಕಿ ವಿಸ್ತಾರದಲ್ಲಿ ಇದೇ ಅತಿ ದೊಡ್ಡದು. ದಂಡೆಯುದ್ದಕ್ಕೂ ಬಟ್ಟೆ ಬದಲಿಸುವ ಪುಟ್ಟ ಕೋಣೆಗಳ ಸಾಲು. ಕೆಂಪು, ಹಳದಿ, ಹಸಿರು ಎಂದು ಒಂದೊಂದು ಬಾಗಿಲಿಗೆ ಒಂದೊಂದು ಬಣ್ಣ.

ಇಷ್ಟು ನೀರನ್ನು ಬಿಸಿ ಮಾಡುವ ವ್ಯವಸ್ಥೆ ಅಲ್ಲಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆ ಕಾಲಕ್ಕೆ ಅದೇನೂ ವಿಚಿತ್ರವಲ್ಲ. 1896ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ನಡೆದಾಗ ಈಜುಗಾರರು ಇಳಿದದ್ದು ಸಮುದ್ರಕ್ಕೆ. ಗೆದ್ದ ಹಂಗೆರಿಯ ಆಲ್ಫ್ರೆಡ್ ಹಾಯೋಷ್ ಚಳಿ ತಡೆಯಲೆಂದು ಮೈಗೆಲ್ಲ ದಪ್ಪನಾಗಿ ಗ್ರೀಸ್ ಬಳಿದುಕೊಂಡಿದ್ದ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೀನ್ ನದಿಯೇ ಈಜುಕೊಳ. ಟೂಟಿಂಗಿನ ಕೊಳ ಶುರುವಾಗಿ ಎರಡು ವರ್ಷಕ್ಕೆ, 1908ರಲ್ಲಿ, ಒಲಿಂಪಿಕ್ಸ್ ಲಂಡನ್ನಿಗೇ ಬಂತು. ಆಗ ಓಟದ ಟ್ರ್ಯಾಕಿನ ನಡುವಿನ ಜಾಗದಲ್ಲಿಯೇ 100 ಮೀಟರ್ ಉದ್ದದ ಕೊಳ ಕಟ್ಟಿಬಿಟ್ಟರು! ಸುತ್ತ ಓಟ, ನಡುವೆ ಈಜು.

ಆದರೆ ಆ ಕೊಳದಲ್ಲಿ ಹೆಣ್ಣುಮಕ್ಕಳ ಸ್ಪರ್ಧೆ ಒಂದೂ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಅವರಿಗೆ ಈಜಲು ಅವಕಾಶ ಸಿಕ್ಕಿದ್ದು 1912ರಲ್ಲಿ. ಟೂಟಿಂಗಿನಲ್ಲೂ ಶುರುವಿನ ವರ್ಷಗಳಲ್ಲಿ ಕೊಳ ಹೆಚ್ಚಾಗಿ ಗಂಡಸರ ಪಾಲು. ಗಂಡಸರು, ಹೆಂಗಸರು ಎಲ್ಲರೂ ಒಟ್ಟಿಗೆ ಈಜಬಹುದು ಎಂದಾದದ್ದು 1931ರಲ್ಲಿ. ಒಂದೇ ಕೊಳದ ನೀರಿಗೆ ಎಲ್ಲರೂ ಇಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು ಎನ್ನುವುದು ಇಂದಿಗೂ ನನಗೆ ನೋವಿನ ಸಂಗತಿ.

ಕೊಳ ಶುರುವಾದ ವರ್ಷವೇ ಹುಟ್ಟಿದ ಸೌತ್ ಲಂಡನ್ ಸ್ವಿಮ್ಮಿಂಗ್ ಕ್ಲಬ್ಬಿನ ಸದಸ್ಯರು ಚಳಿಗಾಲದಲ್ಲೂ ಇಲ್ಲಿ ಈಜುತ್ತಾರೆ. ಕ್ರಿಸ್‌ಮಸ್ ದಿನ ಬೆಳಗ್ಗೆ ಇಲ್ಲಿ ಈಜಿನ ಪಂದ್ಯ ನಡೆಯುತ್ತದೆ. ತಣ್ಣೀರಿನ ಈಜಿನ ರಾಷ್ಟ್ರೀಯ ಸ್ಪರ್ಧೆಗಳೂ ಇಲ್ಲಿ ನಡೆದಿವೆ. ಅವುಗಳಲ್ಲಿ ಮುಖ್ಯ ಪಂದ್ಯ ಕೊಳದ ಉದ್ದಕ್ಕಲ್ಲ, ಅಗಲಕ್ಕೆ. ಸುಮಾರು 30 ಮೀಟರ್, ಅಷ್ಟೆ. ತಲೆ ನೀರಿನೊಳಗೆ ಮುಳುಗದಂತೆ ಮೇಲೆತ್ತಿಕೊಂಡೇ ಬ್ರೆಸ್ಟ್ ಸ್ಟ್ರೋಕ್ ಹೊಡೆಯಬೇಕು.

ಇಷ್ಟು ಚಿಕ್ಕ ಪಂದ್ಯ ಯಾಕೆ? ನೀರು ನಮ್ಮ ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ನಾಲ್ಕೈದು ಡಿಗ್ರಿ ನೀರಿಗೆ ಇಳಿದ ಕ್ಷಣ ಉಸಿರು ತಾನಾಗಿ ಒಳಕ್ಕೆ ಸೆಳೆಯುತ್ತದೆ, ಬೇಡವೆಂದರೂ ನಿಲ್ಲದು. ಆಗ ಬಾಯಿ ನೀರಿನೊಳಗಿದ್ದರೆ ಅಪಾಯ. ತಲೆ ಮೇಲಿರಬೇಕು ಎಂಬ ನಿಯಮದ ಬೆಲೆ ಅಲ್ಲಿ ಗೊತ್ತಾಗುತ್ತದೆ. ಇನ್ನೊಂದು ಸೋಜಿಗ ಕೇಳಿ: ನೀರಿನಿಂದ ಹೊರಬಂದ ಮೇಲೂ ಸ್ವಲ್ಪ ಹೊತ್ತು ಮೈಯ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಅನುಭವಿಗಳು ದಡಕ್ಕೆ ಬಂದವರೇ ಮೈ ಒರೆಸಿ, ಉಣ್ಣೆಯ ಟೋಪಿ ಹಾಕಿ, ಒಂದರ ಮೇಲೊಂದು ಬಟ್ಟೆ ತೊಟ್ಟು ಬಿಸಿ ಚಹಾ ಹಿಡಿದು ಕೂರುತ್ತಾರೆ. ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲ. ನೀವಂತೂ ದೊಡ್ಡವರು ಜೊತೆಯಲ್ಲಿಲ್ಲದೆ ತಣ್ಣೀರಿನ ಕೊಳಕ್ಕೆ ಇಳಿಯಬೇಡಿ.

ಇನ್ನು ಫುಟ್‌ಬಾಲ್. ಚಳಿಗೂ ಪಾದಕ್ಕೂ ಇರುವ ವೈರವನ್ನು ಚೆನ್ನಾಗಿ ಅರಿತವರು ನಮ್ಮ ಕನ್ನಡನಾಡಿನ ಆಟಗಾರರು. 1948ರ ಜುಲೈ 31ರಂದು, ಲಂಡನ್ನಿನ ಇನ್ನೊಂದು ಮೂಲೆಯ ಇಲ್‌ಫೋರ್ಡ್‌ನಲ್ಲಿ ಭಾರತ ಒಲಿಂಪಿಕ್ಸ್ ಫುಟ್‌ಬಾಲ್ ಆಡಿತು. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಬಹುಪಾಲು ಮಂದಿ ಬರಿಗಾಲಿನಲ್ಲಿದ್ದರು. ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ ಅದನ್ನು ಸರಿಗಟ್ಟಿದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು! ಎರಡು ಪೆನಾಲ್ಟಿಗಳು ಕೈತಪ್ಪಿ ನಾವು 2–1ರಿಂದ ಸೋತೆವು. ಅಂದು ಬೇಸಿಗೆ, ಬರಿಗಾಲು ಹೇಗೋ ನಡೆಯಿತು. ನಾಲ್ಕು ವರ್ಷದ ಬಳಿಕ ಹೆಲ್ಸಿಂಕಿಯ ಚಳಿಯಲ್ಲಿ ನಡೆಯಲಿಲ್ಲ. ಯುಗೊಸ್ಲಾವಿಯಾ 10–1ರಿಂದ ಸೋಲಿಸಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಿನ ಬಳಿಕವೇ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಬೂಟು ಹಾಕಿದರೂ ಚಳಿ ಬಿಡಬೇಕಲ್ಲ! 1959ರ ಜನವರಿ 10ರಂದು ಟೂಟಿಂಗ್ ಅಂಡ್ ಮಿಚಮ್ ಯುನೈಟೆಡ್ ತಂಡ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್.ಎ. ಕಪ್ಪಿನ ಮೂರನೇ ಸುತ್ತಿನ ಪಂದ್ಯಕ್ಕೆ ತನ್ನ ಸ್ಯಾಂಡಿ ಲೇನ್ ಮೈದಾನಕ್ಕಿಳಿಯಿತು. ಎದುರಿಗೆ ದೇಶದ ಅತ್ಯುನ್ನತ ಲೀಗಿನಲ್ಲಿ ಆಡುವ ನಾಟಿಂಗ್‌ಹ್ಯಾಮ್ ಫಾರೆಸ್ಟ್. ಟೂಟಿಂಗಿನವರೋ ಹವ್ಯಾಸಿಗಳು. ನೆಲ ಹೆಪ್ಪುಗಟ್ಟಿತ್ತು. ಕೆಸರಿನಲ್ಲಿ ಬೂಟಿನ ಸ್ಟಡ್ಡುಗಳು ಮಾಡಿದ ಗುಳಿಗಳು ರಾತ್ರಿಯ ಚಳಿಗೆ ಹಾಗೆಯೇ ಗಟ್ಟಿಯಾದರೆ ಮೈದಾನದ ತುಂಬ ಕಲ್ಲಿನಂಥ ಅಂಚುಗಳು. ಚೆಂಡು ಎತ್ತ ಪುಟಿಯುತ್ತದೆಂದು ಯಾರೂ ಹೇಳಲಾರರು. ನಯವಾದ ಪಾಸುಗಳನ್ನು ನೆಚ್ಚಿದ ದೊಡ್ಡ ತಂಡ ತಬ್ಬಿಬ್ಬಾಯಿತು. ಟೂಟಿಂಗ್ 2–0 ಮುಂದೆ!

ಆದರೆ ಚಳಿ ಯಾರ ಪಕ್ಷವೂ ಅಲ್ಲ. ಟೂಟಿಂಗ್ ಆಟಗಾರನೊಬ್ಬ ತನ್ನದೇ ಗೋಲ್‌ಕೀಪರಿಗೆಂದು ಹಿಂದಕ್ಕೆ ಕೊಟ್ಟ ಚೆಂಡು ಗಟ್ಟಿ ನೆಲಕ್ಕೆ ತಾಗಿ ದಿಕ್ಕು ತಪ್ಪಿ ಗೋಲಿಗೇ ನುಗ್ಗಿತು. ಮತ್ತೊಂದನ್ನು ಫಾರೆಸ್ಟ್ ಪೆನಾಲ್ಟಿಯಲ್ಲಿ ಹೊಡೆಯಿತು. ಪಂದ್ಯ 2–2. ಮರುಪಂದ್ಯದಲ್ಲಿ ಟೂಟಿಂಗ್ 3–0ರಿಂದ ಸೋತಿತು. ಹೆಪ್ಪುಗಟ್ಟುವ ನೆಲದ ಇಂಥ ಕಾಟ ತಪ್ಪಿಸಲು ಎವರ್ಟನ್ ತಂಡ 1958ರಲ್ಲೇ ತನ್ನ ಮೈದಾನದ ಅಡಿಯಲ್ಲಿ ವಿದ್ಯುತ್ ತಂತಿ ಹುದುಗಿಸಿ ನೆಲ ಬೆಚ್ಚಗಿಡುವ ಏರ್ಪಾಡು ಮಾಡಿತ್ತು. ಸಣ್ಣ ಕ್ಲಬ್ಬುಗಳಿಗೆ ಅಷ್ಟು ದುಡ್ಡೆಲ್ಲಿ?

ಸೋಲಿನಿಂದ ಕೂದಲೆಳೆಯಲ್ಲಿ ಪಾರಾದ ಆ ಫಾರೆಸ್ಟ್ ತಂಡವೇ ಆ ವರ್ಷ ಕಪ್ ಗೆದ್ದಿತು. ವೆಂಬ್ಲಿಯ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದ ರಾಯ್ ಡ್ವೈಟ್ ಆಮೇಲೆ ಕಾಲು ಮುರಿದುಕೊಂಡರು. ಆಗ ಬದಲಿ ಆಟಗಾರರನ್ನು ಇಳಿಸುವಂತಿರಲಿಲ್ಲ. ಉಳಿದ ಹತ್ತು ಮಂದಿಯೇ ಪಂದ್ಯ ಮುಗಿಸಿ ಲೂಟನ್ ತಂಡವನ್ನು 2–1ರಿಂದ ಸೋಲಿಸಿದರು. ಈ ಡ್ವೈಟ್ ಹಾಡುಗಾರ ಎಲ್ಟನ್ ಜಾನ್ ಅವರ ದಾಯಾದಿ ಅಣ್ಣ. ಎಲ್ಟನ್ ಅವರ ಹುಟ್ಟುಹೆಸರು ರೆಜಿನಾಲ್ಡ್ ಡ್ವೈಟ್. ರಾಯ್ ಮುಂದೆ ತರಬೇತಿಗಿಳಿದು, ಒಂದು ಕಾಲದಲ್ಲಿ ತಮ್ಮ ಫಾರೆಸ್ಟ್ ತಂಡವನ್ನು ನಡುಗಿಸಿದ ಅದೇ ಟೂಟಿಂಗ್ ಅಂಡ್ ಮಿಚಮ್ ತಂಡಕ್ಕೇ ಮ್ಯಾನೇಜರ್ ಆದರು. 1976ರಲ್ಲಿ ಆ ಪುಟ್ಟ ತಂಡವನ್ನು ಕಪ್ಪಿನ ನಾಲ್ಕನೇ ಸುತ್ತಿನವರೆಗೂ ಒಯ್ದರು.