ಸೈಕಲ್ ಬಗ್ಗೆ ಕೇಳಿದ್ರೆ ಪರಿಸರದ ಭಾಷಣ ಬೇಡ, ನಿಮ್ಮ ಒಳಪೆಡಲಿನ ಕಥೆ ಹೇಳಿ

ವಿಡಿಯೋ ನೋಡೋಕೆ ಆಗದೆ, ದಾದರ್‌ನಲ್ಲಿ ಲೋಕಲ್ ಹತ್ತಿ ಒಂದೇ ಕೈಯಲ್ಲಿ ಫೋನ್ ಹಿಡಿದು ಓದೋರಿಗಾಗಿ ಈ ವಾರದ ಮಾತು ಇಲ್ಲಿದೆ.

ಮೊದಲ ಸಲ ಐಇಎಲ್‌ಟಿಎಸ್ ಬರೆದಾಗ ನನಗೆ ಸ್ಪೀಕಿಂಗ್‌ನಲ್ಲಿ 6.5 ಬಂತು. ಉಳಿದ ಮೂರೂ ಚೆನ್ನಾಗಿದ್ವು. ಅರ್ಧ ಬ್ಯಾಂಡ್ ತಾನೇ ಅನ್ಸುತ್ತೆ. ಆದ್ರೆ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸ್ಪೀಕಿಂಗ್ 6.5 ಅಂದ್ರೆ ಸಿಎಲ್‌ಬಿ 8, 7 ಅಂದ್ರೆ ಸಿಎಲ್‌ಬಿ 9. ಒಬ್ಬರೇ ಅರ್ಜಿ ಹಾಕೋರಿಗೆ ಸ್ಪೀಕಿಂಗ್ ಒಂದಕ್ಕೇ 31ರ ಬದಲು 23 ಅಂಕ. ಅದಷ್ಟೇ ಅಲ್ಲ. ಮಾಸ್ಟರ್ಸ್ ಡಿಗ್ರಿಗೆ, ಕೆನಡಾದ ಹೊರಗೆ ಮಾಡಿದ 3 ವರ್ಷದ ಕೆಲಸಕ್ಕೆ ತಲಾ 50 ಹೆಚ್ಚುವರಿ ಅಂಕ ಸಿಗಬೇಕಾದ್ರೆ ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ 9 ಬೇಕು. ಇಲ್ಲದಿದ್ರೆ ತಲಾ 25. ಲೆಕ್ಕ ಹಾಕಿ: ಅರ್ಧ ಬ್ಯಾಂಡಿಗೆ ನನ್ನ 58 ಅಂಕ ಹೋಯ್ತು.

ಆ ದಿನ ಏನಾಯ್ತು ಅಂದ್ರೆ, ಎಕ್ಸಾಮಿನರ್ ಕೇಳಿದ್ದು ಸರಳ ಪ್ರಶ್ನೆ: ಚಿಕ್ಕವರಿದ್ದಾಗ ಸೈಕಲ್ ಇತ್ತಾ? ನಾನು ಕೋಚಿಂಗ್ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದನ್ನ ಬಿಟ್ಟೆ: "ಬೈಸೈಕಲ್ ಈಸ್ ಆನ್ ಇಕೋ ಫ್ರೆಂಡ್ಲಿ ಮೋಡ್ ಆಫ್ ಟ್ರಾನ್ಸ್‌ಪೋರ್ಟೇಶನ್..." ಮುಂದಿನ ಪ್ರಶ್ನೆ, ಯಾರು ಕಲಿಸಿದ್ರು? ಅಷ್ಟೇ, ನನ್ನ ಸ್ಕ್ರಿಪ್ಟ್ ಮುಗಿದಿತ್ತು. "ಮೈ ಫಾದರ್" ಅಂದು ಸುಮ್ಮನಾದೆ. ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ ಸ್ಟೇಟಸ್ ಹೇಳ್ತೀವಲ್ಲ, ಹಾಗೆ.

ಮಾರ್ಕ್ಸ್ ಎಲ್ಲಿಂದ ಬರುತ್ತೆ?

ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ, ಮೂರು ಭಾಗ. ಮೊದಲನೇದು ನಿಮ್ಮ ಬಗ್ಗೆ ಸಣ್ಣ ಪ್ರಶ್ನೆಗಳು. ಎರಡನೇದರಲ್ಲಿ ಒಂದು ಕಾರ್ಡ್ ಕೊಟ್ಟು 1 ನಿಮಿಷ ತಯಾರಿಗೆ, ಆಮೇಲೆ 1ರಿಂದ 2 ನಿಮಿಷ ಮಾತಾಡ್ಬೇಕು. ಮೂರನೇದು ಅದೇ ವಿಷಯದ ಮೇಲೆ ಸ್ವಲ್ಪ ಆಳವಾದ ಚರ್ಚೆ. ನೋಡೋದು ನಾಲ್ಕೇ: ತಡವರಿಸದೆ ಸುಸಂಬದ್ಧವಾಗಿ ಮಾತಾಡೋದು, ಪದಗಳು, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮ ತೂಕ. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಅನ್ನೋದಕ್ಕೆ ಇಲ್ಲಿ ಮಾರ್ಕ್ಸೇ ಇಲ್ಲ. ಹಾಗಾಗಿ ಪರಿಸರ ಉಳಿಸೋ ಭಾಷಣದಿಂದ ಏನೂ ಸಿಗಲ್ಲ.

ನಮ್ಮ ಪದಕ್ಕೆ ಇಂಗ್ಲಿಷಲ್ಲಿ ಪದ ಇಲ್ಲದಿದ್ರೆ?

ನಾನು ಕಲಿತಿದ್ದು ಗಂಟೆಗೆ ಎರಡು ರೂಪಾಯಿ ಬಾಡಿಗೆಯ ದೊಡ್ಡ ಸೈಕಲ್‌ನಲ್ಲಿ, ಒಳಪೆಡಲು ಹೊಡೆದು. ಒಳಪೆಡಲಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಹುಡುಕ್ತಾ ಕೂತ್ರೆ ಮಾತು ನಿಂತುಹೋಗುತ್ತೆ. ವಿವರಿಸಿ ಸಾಕು: "ಐ ವಾಸ್ ಟೂ ಶಾರ್ಟ್ ಫಾರ್ ದ ಸೀಟ್, ಸೋ ಐ ಪುಟ್ ಒನ್ ಲೆಗ್ ಥ್ರೂ ದ ಫ್ರೇಮ್ ಅಂಡ್ ಪೆಡಲ್ಡ್ ಸ್ಟ್ಯಾಂಡಿಂಗ್ ಅಪ್." ಒಂದೂ ದೊಡ್ಡ ಪದ ಇಲ್ಲ. ಆದ್ರೆ ಗೊತ್ತಿಲ್ಲದ ಪದವನ್ನ ಬೇರೆ ಮಾತಲ್ಲಿ ದಾಟಿಸೋದು 7ನೇ ಬ್ಯಾಂಡಿನವರಿಂದ ನಿರೀಕ್ಷಿಸೋ ಕೌಶಲವೇ.

ಹೀಗೇ ಇನ್ನು ಕೆಲವು. ಚೈನ್ ಕಳಚಿತು: "ದ ಚೈನ್ ಕೇಮ್ ಆಫ್." ಗಾಳಿ ಹೊಡೆಸಿದೆ: "ಐ ಗಾಟ್ ದ ಟೈರ್ಸ್ ಪಂಪ್ಡ್ ಅಪ್." ಡಬಲ್ ರೈಡ್ ಹೋಗ್ತಿದ್ವಿ: "ಮೈ ಸಿಸ್ಟರ್ ಯೂಸ್ಡ್ ಟು ಸಿಟ್ ಬಿಹೈಂಡ್ ಮಿ." ಹಳೇ ಅಭ್ಯಾಸಕ್ಕೆ "ಯೂಸ್ಡ್ ಟು" ಬಳಸಿ, "ವಿ ವರ್ ಡೈಲಿ ಗೋಯಿಂಗ್" ಬೇಡ.

ಎರಡು ಎಚ್ಚರಿಕೆ. ಒಂದು, ಅದು ಬೈ-ಸಿ-ಕಲ್, ಒತ್ತು "ಬೈ" ಮೇಲೆ. ನಾವು ಹೇಳೋ "ಬೈಸೈಕಲ್" ಅಲ್ಲ. ಎರಡು, ಇಲ್ಲಿ ಬೈಕ್ ಅಂದ್ರೆ ಮೋಟಾರ್‌ಬೈಕ್, ಅವರಿಗೆ ಬೈಕ್ ಅಂದ್ರೆ ಸೈಕಲ್ಲೂ ಹೌದು. ಪೆಟ್ರೋಲಿಂದು ಹೇಳ್ಬೇಕಾದ್ರೆ ಮೋಟಾರ್‌ಬೈಕ್ ಅಂತಲೇ ಹೇಳಿ.

ಮೂರನೇ ಭಾಗಕ್ಕೆ ಮನೆಯದೇ ಉದಾಹರಣೆ

ಸರ್ಕಾರ ಸೈಕಲ್‌ಗೆ ಪ್ರೋತ್ಸಾಹ ಕೊಡ್ಬೇಕಾ ಅಂತ ಕೇಳಿದ್ರೆ ನೆದರ್‌ಲ್ಯಾಂಡ್ಸ್‌ವರೆಗೆ ಹೋಗ್ಬೇಡಿ. ಕರ್ನಾಟಕ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಶುರು ಮಾಡ್ತು. ನಮ್ಮೂರಲ್ಲಿ ಶಾಲೆ ಏಳನೇ ಕ್ಲಾಸಿಗೇ ಮುಗೀತಿತ್ತು, ಹೈಸ್ಕೂಲು ಐದು ಕಿಲೋಮೀಟರ್ ದೂರ. ತಂಗಿಯನ್ನ ಬಿಡಿಸೋ ಮಾತು ಮನೇಲಿ ನಡೀತಿತ್ತು. ಆ ಸೈಕಲ್ ಬಂತು, ಅವಳು ಹೋದ್ಲು. ಇವತ್ತು ಅವಳೇ ಟೀಚರ್.

ನಗರದಲ್ಲಿ ಯಾಕೆ ಸೈಕಲ್ ಕಮ್ಮಿ ಅಂದ್ರೆ, ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಸೈಕಲ್ ಬಿಡಲ್ಲ ಅನ್ನೋದನ್ನ ಹೇಳಿ. ಇನ್ನೊಂದು ಕಡೆ, ದಾದರ್ ಸ್ಟೇಷನ್ ಹೊರಗೆ ಡಬ್ಬಾವಾಲಾಗಳು ಇವತ್ತಿಗೂ ಸೈಕಲ್ ಹ್ಯಾಂಡಲ್‌ಗೆ ಡಬ್ಬಿ ತೂಗಹಾಕ್ಕೊಂಡು ಹೊರಡ್ತಾರೆ. ಸೈಕಲ್‌ಗೆ ಜಾಗ ಇಲ್ಲದ ಊರಿಗೆ ಸೈಕಲ್ಲೇ ಊಟ ತರುತ್ತೆ! ಎರಡೂ ಮಗ್ಗುಲು ಸಿಕ್ತಲ್ಲ?

ಅಭ್ಯಾಸ ಹೀಗೆ

ಪ್ರತಿ ಉತ್ತರಕ್ಕೆ ನಾಲ್ಕು ಹೆಜ್ಜೆ ಇಟ್ಕೊಳ್ಳಿ: ನೇರ ಉತ್ತರ, ಕಾರಣ, ಒಂದು ಘಟನೆ, ಈಗ ಹೇಗಿದೆ. ಮೊದಲ ಭಾಗದಲ್ಲಿ ಎರಡು ಮೂರು ವಾಕ್ಯ ಸಾಕು, ನಾಲ್ಕೂ ಬೇಕಿಲ್ಲ. ನಾನು ರಾತ್ರಿ ಊಟ ಆದ್ಮೇಲೆ ಶಿವಾಜಿ ಪಾರ್ಕ್ ಸುತ್ತ ನಡೀತಾ ಫೋನಲ್ಲಿ 2 ನಿಮಿಷ ರೆಕಾರ್ಡ್ ಮಾಡ್ತಿದ್ದೆ. ಕೇಳಿಸ್ಕೊಂಡಾಗ ನಾಚಿಕೆ ಆಯ್ತು: "ಬೇಸಿಕಲಿ" ಒಂಬತ್ತು ಸಲ! ಉತ್ತರ ಬರೆದಿಟ್ಟು ಓದ್ಬೇಡಿ. ಬರೆದದ್ದು ಬಾಯಿಪಾಠ ಆಗುತ್ತೆ, ಬಾಯಿಪಾಠದ ದನಿ ಅವರಿಗೆ ತಕ್ಷಣ ಗೊತ್ತಾಗುತ್ತೆ. ಪ್ರಶ್ನೆ ಅರ್ಥ ಆಗದಿದ್ರೆ ಇನ್ನೊಮ್ಮೆ ಕೇಳಿ, ತಪ್ಪೇನಿಲ್ಲ.

ಎರಡನೇ ಸಲ ನನಗೆ 7 ಬಂತು. ನನ್ನ ಇಂಗ್ಲಿಷ್ ಎರಡು ತಿಂಗಳಲ್ಲಿ ಬದಲಾಗಲಿಲ್ಲ. ಕಾರ್ಡಿನಲ್ಲಿ ನಿಮ್ಮ ಮನೆಯವರಿಗೆ ಮುಖ್ಯವಾದ ಒಂದು ವಸ್ತು ಅಂತಿತ್ತು. ತಂಗಿಯ ಸೈಕಲ್ ಬಗ್ಗೆ ಹೇಳೋಕೆ ಶುರು ಮಾಡ್ದೆ, ಎಕ್ಸಾಮಿನರೇ ಸಾಕು ಅಂತ ನಿಲ್ಲಿಸ್ಬೇಕಾಯ್ತು.

ಅರ್ಜಿ ಹಾಕೋ ಮುಂಚೆ ಅಂಕದ ನಿಯಮ ಸರ್ಕಾರಿ ಸೈಟಲ್ಲಿ ಒಮ್ಮೆ ನೋಡ್ಕೊಳ್ಳಿ. ಇವತ್ತು ರಾತ್ರಿ ನಿಮ್ಮ ಮೊದಲ ಸೈಕಲ್ ಬಗ್ಗೆ 2 ನಿಮಿಷ ರೆಕಾರ್ಡ್ ಮಾಡಿ. ಮುಂದಿನ ವಾರ ಸಿಗೋಣ.