ಔದ್ಯೋಗಿಕ ಚಿಕಿತ್ಸೆ: ರೋಗಿಯ ಕೈಗೆ ಕೆಲಸವನ್ನು ಮರಳಿಸುವ ವಿದ್ಯೆ

ಪ್ರಾಣಾಪಾಯದಿಂದ ಪಾರಾದ ರೋಗಿಯು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವನ್ನು ಬಂಧುಬಾಂಧವರು ಹಬ್ಬದ ದಿನವೆಂದೇ ಭಾವಿಸುವುದು ಸಹಜ. ಆದರೆ ರೋಗಿಯ ನಿಜವಾದ ಪರೀಕ್ಷೆ ಆರಂಭವಾಗುವುದು ಮರುದಿನದ ಬೆಳಗಿನಿಂದ. ಪಾರ್ಶ್ವವಾಯುವಿನಿಂದ ಬಲಗೈ ಬಲಗಾಲುಗಳ ಸ್ವಾಧೀನ ಕಳೆದುಕೊಂಡ ಹಿರಿಯ ರೈತನೊಬ್ಬನನ್ನು ಊಹಿಸಿಕೊಳ್ಳಬಹುದು. ಮಗನು ಅಂಗಿ ತೊಡಿಸುತ್ತಾನೆ. ಸೊಸೆಯು ರೊಟ್ಟಿ ಮುರಿದು ತುತ್ತು ಮಾಡಿ ಕೊಡುತ್ತಾಳೆ. ಮೊಮ್ಮಗನು ನೀರಿನ ಲೋಟವನ್ನು ಬಾಯಿಗೆ ಹಿಡಿಯುತ್ತಾನೆ. ಇವರೆಲ್ಲರ ಸೇವೆಯ ಹಿಂದಿರುವುದು ಅಪ್ಪಟ ಪ್ರೀತಿಯೇ. ಆದರೂ ಕೆಲವು ತಿಂಗಳುಗಳು ಉರುಳುವಷ್ಟರಲ್ಲಿ, ಅಷ್ಟಿಷ್ಟು ಚೇತರಿಸಬಹುದಾಗಿದ್ದ ಕೈಯೂ ಕೆಲಸವಿಲ್ಲದೆ ಬಿಗಿದುಕೊಳ್ಳುತ್ತದೆ. ‘ನನ್ನಿಂದೇನೂ ಆಗದು’ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರುತ್ತದೆ. ವೈದ್ಯನು ಉಳಿಸಿಕೊಟ್ಟ ಜೀವಕ್ಕೆ ಅದರ ಬದುಕನ್ನು ಮರಳಿ ಕೊಡುವ ಹೊಣೆಯನ್ನು ಹೊತ್ತ ಶಾಸ್ತ್ರವೇ ಔದ್ಯೋಗಿಕ ಚಿಕಿತ್ಸೆ. ಆಸ್ಪತ್ರೆಗಳಲ್ಲಿ ಇದು ‘ಆಕ್ಯುಪೇಷನಲ್ ಥೆರಪಿ’ ಎಂಬ ಹೆಸರಿನಿಂದಲೇ ಪರಿಚಿತವಾಗಿದೆ.

ಈ ಹೆಸರಿನಲ್ಲಿರುವ ‘ಉದ್ಯೋಗ’ ಎಂಬ ಪದವನ್ನು ಸಂಬಳದ ನೌಕರಿ ಎಂಬ ಸಂಕುಚಿತ ಅರ್ಥದಲ್ಲಿ ಗ್ರಹಿಸಲಾಗದು. ಮುಖ ತೊಳೆಯುವುದು, ತಲೆ ಬಾಚುವುದು, ಉಣ್ಣುವುದು, ಪೂಜೆಗೆ ಕುಳಿತುಕೊಳ್ಳುವುದು, ಹಿಟ್ಟು ನಾದುವುದು, ಎತ್ತಿಗೆ ಮೇವು ಹಾಕುವುದು, ಮಗುವು ಸ್ಲೇಟಿನ ಮೇಲೆ ಅಕ್ಷರ ತಿದ್ದುವುದು — ಮನುಷ್ಯನು ತನ್ನ ದಿನವನ್ನು ತುಂಬಿಕೊಳ್ಳುವ ಸಕಲ ಕೆಲಸಗಳೂ ಇದರಲ್ಲಿ ಅಡಕವಾಗಿವೆ. ಫಿಜಿಯೋಥೆರಪಿಯು ಮುಖ್ಯವಾಗಿ ಸ್ನಾಯುಗಳ ಬಲವನ್ನೂ ಕೀಲುಗಳ ಚಲನೆಯನ್ನೂ ಸುಧಾರಿಸಲು ಶ್ರಮಿಸಿದರೆ, ಔದ್ಯೋಗಿಕ ಚಿಕಿತ್ಸೆಯು ಆ ಬಲ ಮತ್ತು ಚಲನೆಗಳನ್ನು ನಿತ್ಯದ ಕೆಲಸಕ್ಕೆ ತೊಡಗಿಸುತ್ತದೆ. ಇವೆರಡೂ ಒಂದೇ ಬಂಡಿಯ ಎರಡು ಗಾಲಿಗಳೆನ್ನಬಹುದು.

ಕೆಲಸದಲ್ಲಿ ತೊಡಗಿದ ಮನಸ್ಸು ಬೇಗ ಚೇತರಿಸುತ್ತದೆ ಎಂಬ ಅರಿವು ಪ್ರಾಚೀನವಾದುದೇ. ಆದರೆ ಅದು ಒಂದು ವ್ಯವಸ್ಥಿತ ವೃತ್ತಿಯಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿಯು ಕ್ಷಯರೋಗದಿಂದಲೂ, ಮುಂದೆ ಎಡಭಾಗದ ಪಾರ್ಶ್ವವಾಯುವಿನಿಂದಲೂ ಬಳಲಿದವನು. ಕೈತೋಟದ ಹಾಗೂ ಮರಗೆಲಸದ ಮೂಲಕ ತಾನೇ ಚೇತರಿಸಿಕೊಂಡ ಆತನ ಮನೆಯಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ, 1917ರ ಮಾರ್ಚ್ ತಿಂಗಳಲ್ಲಿ ಈ ವೃತ್ತಿಯ ಮೊದಲ ಸಂಘವು ಸ್ಥಾಪನೆಗೊಂಡಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕರ ಪುನರ್ವಸತಿಯು ಇದಕ್ಕೆ ವಿಶಾಲವಾದ ಕಾರ್ಯಕ್ಷೇತ್ರವನ್ನು ಒದಗಿಸಿತು.

ಭಾರತಕ್ಕೆ ಈ ವಿದ್ಯೆಯನ್ನು ತಂದ ಕೀರ್ತಿ ಶ್ರೀಮತಿ ಕಮಲಾ ನಿಂಬ್ಕರ್ ಅವರಿಗೆ ಸಲ್ಲುತ್ತದೆ. ಅಮೆರಿಕದಲ್ಲಿ ಜನಿಸಿ, ಭಾರತೀಯರನ್ನು ವಿವಾಹವಾಗಿ, ಈ ನಾಡನ್ನೇ ತಮ್ಮದನ್ನಾಗಿ ಮಾಡಿಕೊಂಡ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಾಲೆಯನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘವು ಅಸ್ತಿತ್ವಕ್ಕೆ ಬಂದಿತು. ಅದೇ ವರ್ಷ ವಿಶ್ವ ಒಕ್ಕೂಟವೂ ಸ್ಥಾಪಿತವಾಗಿ, ಅದರ ಹತ್ತು ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದಾಯಿತೆಂಬುದು ಹೆಮ್ಮೆಯ ಸಂಗತಿ.

ಈ ವಿದ್ಯೆಯನ್ನು ಕಲಿಯಬಯಸುವವನು ಶರೀರರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರಗಳನ್ನು ಅಭ್ಯಸಿಸಬೇಕು. ಆದರೆ ಅವನ ಮೂಲ ಕೌಶಲವೆಂದರೆ ಒಂದು ಕೆಲಸವನ್ನು ಬಿಡಿಸಿ ನೋಡುವುದು. ಲೋಟವನ್ನೆತ್ತಿ ನೀರು ಕುಡಿಯುವ ಕ್ರಿಯೆಯನ್ನೇ ಗಮನಿಸಬಹುದು. ಮೊದಲು ಕಣ್ಣು ಲೋಟವಿರುವ ದೂರವನ್ನು ಅಳೆಯಬೇಕು. ಮುಂದೆ ಬಾಗುವ ಮೈ ವಾಲದಂತೆ ಸೊಂಟವು ಸ್ಥಿರವಾಗಿರಬೇಕು. ಭುಜವು ಮೇಲೇಳಬೇಕು, ಮೊಣಕೈ ಚಾಚಬೇಕು. ಲೋಟದ ಗಾತ್ರಕ್ಕೆ ತಕ್ಕಂತೆ ಬೆರಳುಗಳು ತೆರೆದುಕೊಳ್ಳಬೇಕು. ಜಾರದಷ್ಟು ಬಿಗಿಯಾಗಿ ಹಿಡಿದು, ಚೆಲ್ಲದಂತೆ ತುಟಿಯವರೆಗೆ ಒಯ್ಯಬೇಕು. ಇಷ್ಟು ಮೆಟ್ಟಿಲುಗಳಲ್ಲಿ ರೋಗಿಯು ಎಡವುತ್ತಿರುವುದು ಯಾವುದರಲ್ಲಿ ಎಂಬುದನ್ನು ಕಂಡುಹಿಡಿಯುವವನೇ ಚಿಕಿತ್ಸಕ. ‘ಕೈ ಬರುವುದಿಲ್ಲ’ ಎಂದು ಮನೆಯವರು ಹೇಳುವಲ್ಲಿ ಅವನು, ಸೊಂಟ ನಿಲ್ಲದಿರುವುದರಿಂದ ಕೈ ಚಾಚಲಾಗುತ್ತಿಲ್ಲವೆಂಬ ಕಾರಣವನ್ನು ಗುರುತಿಸಬಲ್ಲನು.

ಕೈಯ ರಚನೆಯನ್ನು ಅರಿಯದವನು ಒಳಿತು ಮಾಡಹೋಗಿ ಕೇಡನ್ನುಂಟುಮಾಡುವ ಸಂಭವವೂ ಇದೆ. ಅಂಗೈಯನ್ನು ಸಡಿಲ ಬಿಟ್ಟು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳುತ್ತವೆ. ಮಣಿಕಟ್ಟನ್ನು ಕೆಳಗೆ ಬಿಟ್ಟರೆ ಬೆರಳುಗಳು ತೆರೆದುಕೊಳ್ಳುತ್ತವೆ. ಓದುಗರು ತಮ್ಮ ಕೈಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಮರದಿಂದ ಬಿದ್ದು ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದ ಕೆಲವರಿಗೆ ಬೆರಳುಗಳ ಚಲನೆ ಪೂರ್ಣವಾಗಿ ಹೋಗಿದ್ದರೂ ಮಣಿಕಟ್ಟನ್ನು ಎತ್ತುವ ಶಕ್ತಿ ಉಳಿದಿರುತ್ತದೆ. ಅಂಥವರು ಈ ಒಂದು ಉಪಾಯದಿಂದಲೇ ಲೇಖನಿಯನ್ನೋ ತುತ್ತನ್ನೋ ಹಿಡಿಯಲು ಕಲಿಯುತ್ತಾರೆ. ಅವರ ಬೆರಳಿನ ಸ್ನಾಯುರಜ್ಜುಗಳು ಸ್ವಲ್ಪ ಬಿಗಿಯಾಗಿರುವುದೇ ಅವರ ಹಿಡಿತಕ್ಕೆ ಆಧಾರ. ಇದನ್ನರಿಯದ ಹಿತೈಷಿಯು ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆಳೆದು ನೀವುತ್ತ ಬಂದರೆ, ರೋಗಿಯ ಪಾಲಿಗೆ ಉಳಿದಿದ್ದ ಆ ಹಿಡಿತವೂ ಕೈತಪ್ಪುತ್ತದೆ. ಅಂತೆಯೇ ಪಾರ್ಶ್ವವಾಯುವಿನ ರೋಗಿಯನ್ನು ಸ್ವಾಧೀನವಿಲ್ಲದ ಕೈಹಿಡಿದು ಎಳೆದೆಬ್ಬಿಸುವುದರಿಂದ ಭುಜದ ಕೀಲಿಗೆ ಹಾನಿಯಾಗುತ್ತದೆ. ಆದುದರಿಂದ ಈ ಕ್ಷೇತ್ರದಲ್ಲಿ ಸದ್ಭಾವನೆಯೊಂದೇ ಸಾಲದು, ಶಾಸ್ತ್ರಜ್ಞಾನವೂ ಅಗತ್ಯ.

ಎರಡನೆಯ ಕೌಶಲವು ಕೆಲಸವನ್ನು ರೋಗಿಯ ಶಕ್ತಿಗೆ ಅಳವಡಿಸಿ, ಹಂತಹಂತವಾಗಿ ಕಠಿಣಗೊಳಿಸುವುದು. ಮೇಲೆ ಹೇಳಿದ ಹಿರಿಯನಿಗೆ ಅಂಗಿ ತೊಡುವುದನ್ನು ಕಲಿಸುವಾಗ, ಗಟ್ಟಿಯಾದ ಆಸನದಲ್ಲಿ ಕುಳ್ಳಿರಿಸಿ, ಸ್ವಾಧೀನವಿಲ್ಲದ ಬಲಗೈಯನ್ನು ಮೊದಲು ತೋಳಿನೊಳಗೆ ತೂರಿಸಿಕೊಳ್ಳುವಂತೆ ಅಭ್ಯಾಸ ಮಾಡಿಸುತ್ತಾರೆ. ಕಳಚುವಾಗ ಮೊದಲು ಹೊರಬರಬೇಕಾದುದು ಎಡಗೈ. ಒಂದೇ ಕೈಯಿಂದ ರೊಟ್ಟಿ ಮುರಿಯುವಾಗ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರದು. ಹಿಡಿತ ಸಾಲದವನಿಗೆ ಚಮಚದ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಸಾಕು. ಇಂತಹ ಸಣ್ಣ ಉಪಾಯಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಅವು ಮರಳಿಸಿಕೊಡುವ ಆತ್ಮಗೌರವವಾದರೋ ಬೆಲೆ ಕಟ್ಟಲಾಗದ್ದು.

ದಕ್ಷಿಣ ಭಾರತದಲ್ಲಿ ಈ ಸತ್ಯವನ್ನು ಎತ್ತಿ ತೋರಿದ ಸ್ಥಳ ವೆಲ್ಲೂರು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಿಂದ, ಕುಷ್ಠರೋಗದಿಂದ ಮುರುಟಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ಕಾರ್ಯವನ್ನು ಕೈಗೊಂಡರು. ಬಲವುಳಿದ ಸ್ನಾಯುವೊಂದರ ರಜ್ಜುವನ್ನು ಬೇರೆಡೆಗೆ ಜೋಡಿಸುವುದು ಅವರ ವಿಧಾನ. ಆದರೆ ಶಸ್ತ್ರಚಿಕಿತ್ಸೆ ಮುಗಿದ ಮಾತ್ರಕ್ಕೆ ಕೈ ಗುಣವಾಗುವುದಿಲ್ಲ. ಹಳೆಯ ಕೆಲಸ ಬಿಟ್ಟು ಹೊಸ ಕೆಲಸ ಮಾಡಬೇಕೆಂಬುದನ್ನು ಆ ಸ್ನಾಯುವಿಗೆ ಅಭ್ಯಾಸದಿಂದಲೇ ಕಲಿಸಬೇಕಾಗುತ್ತದೆ. ಇನ್ನು ಸ್ಪರ್ಶಜ್ಞಾನವಿಲ್ಲದ ಕೈಗೆ ಬಿಸಿ ಲೋಟ, ಒರಟು ಹಿಡಿಕೆ ಎಲ್ಲವೂ ಗಾಯಕ್ಕೆ ಕಾರಣ. ನೋವು ನೀಡಬೇಕಾಗಿದ್ದ ಎಚ್ಚರಿಕೆಯನ್ನು ಕಣ್ಣು ನೀಡುವಂತೆ ರೋಗಿಯನ್ನು ತರಬೇತುಗೊಳಿಸಬೇಕು. ವೈದ್ಯರಾಗುವ ಮೊದಲು ಮರಗೆಲಸವನ್ನು ಕಲಿತಿದ್ದ ಬ್ರಾಂಡ್ ಅವರು, ತಮ್ಮ ರೋಗಿಗಳಿಗೆ ಉಪಕರಣಗಳನ್ನು ಸುರಕ್ಷಿತವಾಗಿ ಹಿಡಿದು ದುಡಿಯುವ ಕ್ರಮವನ್ನೂ ಹೇಳಿಕೊಟ್ಟರು. ಅದೇ ಸಂಸ್ಥೆಯ ಡಾ. ಮೇರಿ ವರ್ಗೀಸ್ ಅವರು 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದ ಆ ಮಹಿಳೆ, ವಿದೇಶದಲ್ಲಿ ಪುನರ್ವಸತಿ ಶಾಸ್ತ್ರವನ್ನು ಅಭ್ಯಸಿಸಿ ಬಂದು, ವೆಲ್ಲೂರಿನ ಪುನರ್ವಸತಿ ವಿಭಾಗವನ್ನು ಕಟ್ಟಿ ಬೆಳೆಸಿದರು. ಕಳೆದುಹೋದುದಕ್ಕಿಂತ ಉಳಿದುದರ ಕಡೆಗೆ ದೃಷ್ಟಿ ಹರಿಸಬೇಕೆಂಬ ಪಾಠಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ದೊರೆಯುವುದು ದುರ್ಲಭ.

ಮನೋರೋಗಿಗಳ ವಿಷಯದಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ರೋಗಿಗಳು ವಿವಿಧ ಕೈಕಸುಬುಗಳಲ್ಲಿ ತೊಡಗುತ್ತಾರೆ. ಅಲ್ಲಿ ತಯಾರಾಗುವ ವಸ್ತುವಿಗಿಂತಲೂ ಹೊತ್ತಿಗೆ ಸರಿಯಾಗಿ ಏಳುವುದು, ಹಿಡಿದ ಕೆಲಸವನ್ನು ಮುಗಿಸುವುದು, ಪಕ್ಕದವನೊಡನೆ ಮಾತನಾಡುವುದು — ಇವು ಚಿಕಿತ್ಸೆಯ ನಿಜವಾದ ಫಲಗಳು.

ಈ ವಿದ್ಯೆಯ ಅತ್ಯಂತ ಕಠಿಣವಾದ ಪಾಠವನ್ನು ಯಾವ ಗ್ರಂಥವೂ ಕಲಿಸಲಾರದು. ಅದೆಂದರೆ ತನ್ನ ಕೈಯನ್ನು ತಡೆದುಕೊಳ್ಳುವುದು. ನಡುಗುವ ಬೆರಳುಗಳಿಂದ ಒಂದು ಗುಂಡಿ ಹಾಕಿಕೊಳ್ಳಲು ರೋಗಿಯು ಹತ್ತು ನಿಮಿಷ ಹೆಣಗುತ್ತಿರುವಾಗ, ಕ್ಷಣಾರ್ಧದಲ್ಲಿ ಅದನ್ನು ಹಾಕಿಬಿಡಬಲ್ಲ ಚಿಕಿತ್ಸಕನು ಸುಮ್ಮನೆ ಕುಳಿತು ನೋಡಬೇಕಾಗುತ್ತದೆ. ಇದು ನಿಷ್ಕರುಣೆಯಲ್ಲ. ಎಲ್ಲಿ ನೆರವು ಬೇಕು, ಎಲ್ಲಿ ನೆರವೇ ಅಡ್ಡಿಯಾಗುತ್ತದೆ ಎಂಬ ವಿವೇಕವು ರೋಗಿಗಳ ನಡುವೆ ದೀರ್ಘಕಾಲ ದುಡಿದಾಗ ಮಾತ್ರ ಮೈಗೂಡುತ್ತದೆ. ವಿದ್ಯಾರ್ಥಿಯು ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಪಡೆಯಬೇಕೆಂದು ವಿಶ್ವ ಒಕ್ಕೂಟವು ವಿಧಿಸಿರುವುದರ ಔಚಿತ್ಯ ಇಲ್ಲಿ ವ್ಯಕ್ತವಾಗುತ್ತದೆ.

ಶಿಕ್ಷಕರಿಗೆ ಈ ಪಾಠ ಹೊಸದಲ್ಲ. ಲೆಕ್ಕದ ಉತ್ತರವನ್ನು ತಾನೇ ಬರೆದುಕೊಡುವ ಗುರುವು ಮಗುವಿಗೆ ಉಪಕಾರ ಮಾಡಿದಂತಾಗುವುದಿಲ್ಲವೆಂಬುದನ್ನು ಅವರು ಬಲ್ಲರು. ಮಣಿಪಾಲದಂತಹ ಕೇಂದ್ರಗಳಲ್ಲಿ ಈ ಶಾಸ್ತ್ರದ ಪದವಿ ಶಿಕ್ಷಣ ನಡೆದುಬಂದಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಈ ವೃತ್ತಿಗೂ ಕಾನೂನಿನ ಮನ್ನಣೆ ನೀಡಿದೆ. ವಿಜ್ಞಾನವನ್ನು ಓದುವ ಮಕ್ಕಳು ವೈದ್ಯ, ಇಂಜಿನಿಯರ್ ಎಂಬ ಎರಡೇ ದಾರಿಗಳನ್ನು ಕಾಣುವ ಈ ಕಾಲದಲ್ಲಿ, ತಾಳ್ಮೆಯುಳ್ಳ ವಿದ್ಯಾರ್ಥಿಗೆ ಇಂತಹುದೊಂದು ಹಾದಿಯಿದೆಯೆಂದು ತಿಳಿಸುವುದು ಹಿರಿಯರ ಕರ್ತವ್ಯ. ಗಾಲಿಕುರ್ಚಿಯನ್ನು ದಾನವಾಗಿ ಕೊಡುವುದು ಶ್ಲಾಘ್ಯವೇ; ಆ ಕುರ್ಚಿಯಲ್ಲಿ ಕುಳಿತವನು ತನ್ನ ದಿನದ ಕೆಲಸವನ್ನು ತಾನೇ ಮಾಡಿಕೊಳ್ಳುವಂತೆ ಕಲಿಸಬಲ್ಲ ಒಬ್ಬ ತರುಣನ ವಿದ್ಯಾಭ್ಯಾಸಕ್ಕೆ ನೆರವಾಗುವುದು ಅಷ್ಟೇ ಸಾರ್ಥಕವಾದ ದಾನ. ಏಕೆಂದರೆ ಹಾಸಿಗೆ ಹಿಡಿದಿದ್ದ ಹಿರಿಯನೊಬ್ಬನು ತನ್ನ ಅಂಗಿಯನ್ನು ತಾನೇ ತೊಟ್ಟು ಪಡಸಾಲೆಗೆ ಬಂದು ಕುಳಿತ ದಿನ, ಆ ಮನೆಯಲ್ಲಿ ಗುಣಮುಖನಾಗುವವನು ಅವನೊಬ್ಬನೇ ಅಲ್ಲ.